ನೀರಿನೊಳಗಿನ ರಾಯಭಾರಿ

ಹಿಮಾನಿ ದೊಡ್ಡೇರಿ ಭೂಮಿಗೆ ಇಳಿದಾಗ ಅವಳಿಗೆ ನಲವತ್ತೆರಡು ವರ್ಷ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು, ಮಗಳನ್ನು ಹೆತ್ತದ್ದು ಎಲ್ಲವೂ ಚಂದ್ರನ ಮೇಲೆ. ಮೇಲೆ ಎನ್ನುವುದಕ್ಕಿಂತ ಒಳಗೆ ಎನ್ನುವುದು ಸರಿ. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಹರಿದು ಹೋಗಿ ಬರಿದಾಗಿ ಉಳಿದಿದ್ದ ಒಂದು ಭಾರಿ ಸುರಂಗದಲ್ಲಿ ನಾಲ್ಕು ಸಾವಿರದ ನೂರು ಜನ ವಾಸವಾಗಿದ್ದರು. ಅವರ ಅಜ್ಜ ಅಜ್ಜಿಯರು ಹನ್ನೊಂದು ದೇಶಗಳಿಂದ ಹಿಮ ಅಗೆಯುವ ಕೂಲಿಗಳಾಗಿ ಹೋದವರು. ಮೊಮ್ಮಕ್ಕಳಿಗೆ ತಾವು ಕೂಲಿಗಳು ಎನ್ನಿಸಲಿಲ್ಲ, ತಾವೊಂದು ದೇಶ ಎನ್ನಿಸಿತು. ಆ ದೇಶಕ್ಕೆ ಕಂದರ ಎಂದು ಹೆಸರಿಟ್ಟುಕೊಂಡರು. ಬಾವುಟ, ಸಂವಿಧಾನ, ಹದಿಮೂರು ಜನರ ಸಂಸತ್ತು, ಇಬ್ಬರೇ ಗುಮಾಸ್ತರಿದ್ದ ವಿದೇಶಾಂಗ ಇಲಾಖೆ ಎಲ್ಲ ಆಯಿತು. ಆದರೆ ಭೂಮಿಯ ಒಂದು ದೇಶವೂ ಅದನ್ನು ದೇಶವೆಂದು ಒಪ್ಪಿರಲಿಲ್ಲ.

ಒಪ್ಪದಂತೆ ನೋಡಿಕೊಂಡದ್ದು ಗಣಿ ಕಂಪನಿಗಳ ಒಕ್ಕೂಟ. ಸುರಂಗ ತನ್ನ ಆಸ್ತಿ, ಅದರೊಳಗಿರುವವರು ತನ್ನ ನೌಕರರು ಎಂಬುದು ಅದರ ವಾದ. ಹಿಮ ಅಗೆಯಲು ಯಾರು ಯಾವ ಬಾವಿಗೆ ಇಳಿಯಬೇಕು, ಯಾರು ಯಾವಾಗ ಮಗು ಹೆರಬಹುದು ಎಂಬುದನ್ನೂ ಒಕ್ಕೂಟವೇ ತೀರ್ಮಾನಿಸುತ್ತಿತ್ತು. ಹಿಮಾನಿ ಎರಡನೆಯ ಮಗುವಿಗೆ ಮೂರು ಸಲ ಅರ್ಜಿ ಹಾಕಿದ್ದಳು. ಮೂರು ಸಲವೂ 'ಗಾಳಿ ಸಾಲದು' ಎಂಬ ಉತ್ತರ ಬಂದಿತ್ತು. ಒಕ್ಕೂಟದ ಗುತ್ತಿಗೆ ಮುಂದಿನ ಜೂನ್ ಮೂವತ್ತಕ್ಕೆ ಮುಗಿಯುವುದಿತ್ತು. ಅಷ್ಟರೊಳಗೆ ಯಾವುದಾದರೂ ಒಂದು ದೇಶ ಕಂದರದ ರಾಯಭಾರಿಯನ್ನು ಬರಮಾಡಿಕೊಂಡರೆ ಸುರಂಗ ಕಂದರದವರದು, ಇಲ್ಲದಿದ್ದರೆ ಗುತ್ತಿಗೆ ಇನ್ನೂ ಐವತ್ತು ವರ್ಷ ತಾನಾಗಿಯೇ ಮುಂದುವರಿಯುತ್ತದೆ ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಬರಮಾಡಿಕೊಳ್ಳಲು ಭಾರತ ಒಪ್ಪಿತು.

ತೊಡಕು ಇದ್ದದ್ದು ಬರುವುದರಲ್ಲಿ. ಆ ಕಾಲಕ್ಕೆ ಯಾರ ಮುಖವನ್ನು ಬೇಕಾದರೂ, ಯಾರ ದನಿಯನ್ನು ಬೇಕಾದರೂ ಯಂತ್ರ ಕ್ಷಣಾರ್ಧದಲ್ಲಿ ಕಟ್ಟಿ ಕೊಡುತ್ತಿತ್ತು. ಅದಕ್ಕೆ ಹುಸಿಬಿಂಬ ಎನ್ನುತ್ತಿದ್ದರು. ಎದುರಿಗೆ ಕೂತು ಮಾತಾಡುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ನಗುತ್ತದೆ, ಸೀನುತ್ತದೆ. ಎರಡು ದೇಶಗಳ ಮಂತ್ರಿಗಳ ಹುಸಿಬಿಂಬಗಳು ಪರದೆಯ ಮೇಲೆ ಯುದ್ಧ ಘೋಷಿಸಿ ಒಂದು ಬಂದರು ಸುಟ್ಟುಹೋದ ಮೇಲೆ ಎಲ್ಲ ರಾಷ್ಟ್ರಗಳೂ ಸೇರಿ ಒಂದು ನಿಯಮ ಮಾಡಿದವು. ಪರದೆಯ ಮೇಲೆ ಕಂಡದ್ದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ರಾಯಭಾರಿ ಎಂದರೆ ಮುಟ್ಟಿದರೆ ಕೈಗೆ ಸಿಗುವ ಮನುಷ್ಯ. ಅವನು ಖುದ್ದಾಗಿ ಬಂದು, ತನ್ನ ಕೈಯಾರೆ ನೇಮಕದ ಪತ್ರ ಕೊಡಬೇಕು.

ಭೂಮಿಯಲ್ಲಿ ಹುಟ್ಟಿದವರಿಗೆ ಇದು ದೊಡ್ಡ ಮಾತಲ್ಲ. ಚಂದ್ರನಲ್ಲಿ ಹುಟ್ಟಿದವರಿಗೆ ಅಲ್ಲಿನ ಭಾರದ ಆರು ಪಟ್ಟು ಭಾರ ಇಲ್ಲಿ. ಅವರ ಮೂಳೆ ತೆಳು, ಹೃದಯ ಚಿಕ್ಕದು. ಇಳಿಯುವಾಗಿನ ಒತ್ತಡವನ್ನು ಒಂದು ಸಲ ತಡೆದುಕೊಳ್ಳಬಹುದು. ಮತ್ತೆ ರಾಕೆಟ್ ಏರಿ ಮರಳುವುದು ಸಾಧ್ಯವಿಲ್ಲ. ಹೋಗುವವರು ಹೋದಂತೆಯೇ. ಇದನ್ನು ವಿದೇಶಾಂಗ ಮಂತ್ರಿ ಸಂಸತ್ತಿನಲ್ಲಿ ಬಿಡಿಸಿ ಹೇಳಿದ. ಇಬ್ಬರು ಗುಮಾಸ್ತರಲ್ಲಿ ಒಬ್ಬಳು ಹಿಮಾನಿ. ಅವಳು ಕೈ ಎತ್ತಿದಳು.

ಗಂಡ ಇದ್ರಿಸ್ ಎಂಟು ದಿನ ಅವಳೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಅವಳ ಪೆಟ್ಟಿಗೆ ಕಟ್ಟಲು ಕೂತ. ಮಗಳು ಇಳಾಗೆ ಆಗ ಹದಿನಾರು.

"ಬೇರೆ ಯಾರೂ ಇಲ್ವಾ?" ಎಂದು ಇಳಾ ಕೇಳಿದ್ದಳು.

"ಅವ್ರೆ. ಎಲ್ರಿಗೂ ಮನೆ ಮಠ ಐತೆ."

"ನಿಂಗೆ ಇಲ್ವಾ?"

ಹೊರಡುವ ಮೊದಲು ಹಿಮಾನಿ ಒಂದು ಪ್ರಮಾಣಕ್ಕೆ ಸಹಿ ಹಾಕಿದಳು. ಭೂಮಿಗೂ ಕಂದರಕ್ಕೂ ಇದ್ದ ಒಂದೇ ಸಂಪರ್ಕ ಒಕ್ಕೂಟದ ಉಪಗ್ರಹದ ಮೂಲಕ. ಹಾಗಾಗಿ ಯಾವ ಕರೆಯನ್ನೂ ನಂಬಕೂಡದು. ಇಲಾಖೆಯ ಆದೇಶಗಳಿಗೆ ತಿಂಗಳಿಗೊಂದರಂತೆ ಹನ್ನೆರಡು ಗುಪ್ತಪದಗಳಿದ್ದವು. ಒಂದನ್ನು ಒಂದೇ ಸಲ ಬಳಸಬೇಕು. ಮನೆಯವರೊಡನೆ ಅಂಥ ಪದ ಮಾಡಿಕೊಳ್ಳುವಂತಿಲ್ಲ, ಏಕೆಂದರೆ ಅವರನ್ನು ಹೆದರಿಸಿ ಬಾಯಿ ಬಿಡಿಸಬಹುದು. ಮನೆಯಿಂದ ಕರೆ ಬಂದರೆ ಮಾತಾಡಬಹುದು, ನಂಬಬಾರದು. ಇಷ್ಟೇ ಪ್ರಮಾಣ.

ರಾಕೆಟ್ ಇಳಿಯುವ ಮೈದಾನ ಇದ್ದದ್ದು ಚಳ್ಳಕೆರೆಯ ಕಾವಲಿನಲ್ಲಿ, ಕುರಿ ಮೇಯುವ ಹುಲ್ಲುಬಯಲಿನ ನಡುವೆ. ದೆಹಲಿಗೆ ಒಯ್ದು ಒಗ್ಗಿಸುವುದಕ್ಕಿಂತ ಅಲ್ಲೇ ಇಡುವುದು ಕ್ಷೇಮವೆಂದು ವೈದ್ಯರು ಹೇಳಿದ್ದರಿಂದ ಮೈದಾನದ ಅಂಚಿನಲ್ಲೇ ಒಂದು ಕಟ್ಟಡ ಕಟ್ಟಿ ಅದರ ನಡುವೆ ಉಪ್ಪುನೀರಿನ ಕೊಳ ಮಾಡಿದ್ದರು. ನೀರು ಸುತ್ತಲಿಂದ ಒತ್ತಿ ಹಿಡಿದರೆ ಮೂಳೆಯ ಮೇಲಿನ ಭಾರ ಇಳಿಯುತ್ತದೆ. ರಕ್ತ ಕಾಲಿಗಿಳಿದು ನಿಲ್ಲುವುದಿಲ್ಲ, ಅದನ್ನು ಮೇಲಕ್ಕೆತ್ತುವ ಕೆಲಸ ಹೃದಯಕ್ಕೆ ತಪ್ಪುತ್ತದೆ. ಕೊಳದಲ್ಲಿದ್ದರೆ ಹಿಮಾನಿ ಎಷ್ಟು ವರ್ಷ ಬೇಕಾದರೂ ಬದುಕಬಹುದು. ಹೊರಗೆ ಹತ್ತು ನಿಮಿಷ. ಪಕ್ಕದ ಕೋಣೆಯಲ್ಲಿ ನೀರಿನ ಬಿಸಿ, ಉಪ್ಪು, ಅವಳ ನಾಡಿ, ಉಸಿರು ಎಲ್ಲವನ್ನೂ ನೋಡುವ ಯಂತ್ರಗಳು. ಅವುಗಳ ಮುಂದೆ ಪಾಲಯ್ಯ ಎಂಬ ಎಂಜಿನಿಯರ್ ಕೂರುತ್ತಿದ್ದ. ಕರೆಗಳನ್ನು ಪರದೆಗೆ ಕೊಡುವವನೂ ಅವನೇ.

ನೀರಿನಲ್ಲಿ ಕತ್ತಿನವರೆಗೆ ಮುಳುಗಿ, ಬೆನ್ನಿಗೊಂದು ಬಲೆಯ ಆಸರೆ ಹಾಕಿಕೊಂಡು, ಹಿಮಾನಿ ರಾಯಭಾರಿಯ ಕೆಲಸ ಶುರು ಮಾಡಿದಳು. ದೆಹಲಿಯಿಂದ ಅಧಿಕಾರಿಗಳು ಬರುತ್ತಿದ್ದರು. ಕೊಳದ ಅಂಚಿನಲ್ಲಿ ನಿಂತು, ಬೂಟು ತೋಯದಂತೆ ಒಂದು ಹೆಜ್ಜೆ ಹಿಂದೆ ಸರಿದು, ಕೆಳಕ್ಕೆ ನೋಡಿ ಮಾತಾಡುತ್ತಿದ್ದರು. ಅವಳು ಕತ್ತೆತ್ತಿ ಉತ್ತರ ಕೊಡುತ್ತಿದ್ದಳು. ಕತ್ತು ನೋಯುತ್ತಿತ್ತು. ಮೊದಲ ತಿಂಗಳು ಪತ್ರಿಕೆಯವರು ಬಂದರು, ಶಾಲೆಯ ಮಕ್ಕಳು ಬಂದು ಗಾಜಿನಾಚೆಯಿಂದ ನೋಡಿ ಹೋದರು. ಆಮೇಲೆ ಬರುವವರು ಕಡಿಮೆಯಾದರು. ಗಾಜಿನಾಚೆ ಹುಲ್ಲು, ಕುರಿಗಳು, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಗಾಳಿಯ ಸದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ. ಸುರಂಗದಲ್ಲಿ ಗಾಳಿ ಸದ್ದು ಮಾಡಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಎಷ್ಟೋ ದಿನ ಆ ಸದ್ದಿಗೆ ಬೆಚ್ಚಿ ಎಚ್ಚರಗೊಳ್ಳುತ್ತಿದ್ದಳು.

ಅವಳನ್ನು ಮುಟ್ಟುತ್ತಿದ್ದ ಏಕೈಕ ವ್ಯಕ್ತಿ ಮಾರಕ್ಕ. ಐವತ್ತರ ಹೆಂಗಸು, ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು. ಮೈ ನೀರಿನಲ್ಲಿ ನೆಂದು ಸುಲಿಯದಂತೆ ದಿನಕ್ಕೆರಡು ಸಲ ಹಿಮಾನಿಯನ್ನು ತೂಗುಬಲೆಯಲ್ಲಿ ಎತ್ತಿ, ಒರೆಸಿ, ಎಣ್ಣೆ ಹಚ್ಚಿ, ಹತ್ತು ನಿಮಿಷದೊಳಗೆ ಮತ್ತೆ ನೀರಿಗೆ ಇಳಿಸುವುದು ಅವಳ ಕೆಲಸ. ಮೊದಲ ದಿನ ಹಿಮಾನಿ ಬಾಯಿ ಬಿಟ್ಟಾಗ ಮಾರಕ್ಕ ಎಣ್ಣೆಯ ಬಟ್ಟಲನ್ನೇ ಕೈಬಿಟ್ಟಿದ್ದಳು.

"ಇದೇನ್ರಿ ಮೇಡಮ್ಮಾ, ನಮ್ಮಜ್ಜಿ ಮಾತಾಡ್ದಂಗೆ ಮಾತಾಡ್ತೀರಿ!"

"ನಮ್ಮಜ್ಜಿ ದೊಡ್ಡೇರಿಯೋಳು. ಅವಳಿಂದ ಕಲ್ತಿದ್ದು."

"ದೊಡ್ಡೇರಿ? ಇಲ್ಲೇ ಐತಲ್ಲ! ಬಸ್ ಹತ್ತಿದ್ರೆ ಗಳಿಗೆ."

"ಹಂಗಾ," ಎಂದಳು ಹಿಮಾನಿ. ಅಜ್ಜಿಯ ಊರಿಗೆ ಇಷ್ಟು ಹತ್ತಿರ ಬಂದು, ಅದನ್ನು ಎಂದೂ ನೋಡಲಾರೆ ಎಂಬುದು ಆಗ ಹೊಳೆಯಿತು. ಮಾರಕ್ಕನಿಗೂ ಹೊಳೆದಿರಬೇಕು. ಅವಳು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಕೊಳದ ಅಂಚಿನಲ್ಲಿ ಕೂತು ಕಾಲು ನೀರಿಗಿಳಿಬಿಟ್ಟಳು. ಅಂದಿನಿಂದ ಮಾತಾಡುವಾಗಲೆಲ್ಲ ಹಾಗೇ ಕೂರುತ್ತಿದ್ದಳು. ಹಿಮಾನಿ ಕತ್ತೆತ್ತದೆ ಮಾತಾಡಬಹುದಾದ ಒಂದೇ ಮುಖ ಅವಳದು.

ಭಾನುವಾರಗಳಂದು ಮನೆಯ ಕರೆ ಬರುತ್ತಿತ್ತು. ಪರದೆಯ ಮೇಲೆ ಇದ್ರಿಸ್ ಮತ್ತು ಇಳಾ. ಮಾತು ಅಲ್ಲಿಗೆ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡು. ಇದ್ರಿಸ್ ಬಾವಿಯ ಕತೆ ಹೇಳುತ್ತಿದ್ದ. ಇಳಾ ಶಾಲೆಯ ಜಗಳ ಹೇಳುತ್ತಿದ್ದಳು. ಹಿಮಾನಿ ನಗುತ್ತಿದ್ದಳು. ನಗುವಾಗಲೂ ಒಂದು ಯೋಚನೆ ಒಳಗೆ ಕೂತಿರುತ್ತಿತ್ತು: ಇವರು ಇವರೇ ಹೌದೋ ಅಲ್ಲವೋ? ಕೆಲವು ವಾರ ಇದ್ರಿಸ್ ವಿಪರೀತ ಮೃದುವಾಗಿ ಕಂಡರೆ, ಇದು ಒಕ್ಕೂಟದ ಕೈವಾಡವಿರಬಹುದು ಎನ್ನಿಸುತ್ತಿತ್ತು. ಇನ್ನು ಕೆಲವು ವಾರ ಅವನು ಸಿಡುಕಿದರೆ, ನಂಬಲೆಂದೇ ಸಿಡುಕು ಬೆರೆಸಿದ್ದಾರೆ ಎನ್ನಿಸುತ್ತಿತ್ತು. ಕರೆ ಮುಗಿದ ಮೇಲೆ ಯಾರನ್ನು ನೆನೆದು ಅಳಬೇಕೆಂದೇ ತಿಳಿಯುತ್ತಿರಲಿಲ್ಲ. ಎಂಟು ತಿಂಗಳು ಹೀಗೆ ಕಳೆದಳು. ಕೊನೆಕೊನೆಗೆ ಭಾನುವಾರ ಬರುತ್ತದೆಂದರೆ ಶನಿವಾರವೇ ಊಟ ಸೇರುತ್ತಿರಲಿಲ್ಲ.

"ನಿಮ್ ಗಂಡ, ನಿಮ್ ಮಗ್ಳು. ನೋಡಿದ್ರೆ ಗೊತ್ತಾಗಲ್ವಾ?" ಎಂದು ಮಾರಕ್ಕ ಒಮ್ಮೆ ಕೇಳಿದಳು.

"ಗೊತ್ತಾಗುತ್ತೆ ಅಂತ ಅಂದ್ಕೊಂಡೋರೇ ಆ ಬಂದರು ಸುಟ್ಟಿದ್ದು ಮಾರಕ್ಕ."

ಅವಳ ಮೈ ಪ್ರಯಾಣ ತಡೆಯುವಷ್ಟು ಒಗ್ಗಿದೆ ಎಂದು ವೈದ್ಯರು ಒಪ್ಪಿದ ಮೇಲೆ, ನೇಮಕದ ಪತ್ರ ಸಲ್ಲಿಸುವ ದಿನ ಜೂನ್ ಇಪ್ಪತ್ತನಾಲ್ಕು ಎಂದು ನಿಗದಿಯಾಯಿತು. ಇಲಾಖೆಯ ಒಪ್ಪಿಗೆ ಜೂನ್ ತಿಂಗಳ ಗುಪ್ತಪದದೊಂದಿಗೆ ಬಂತು. ದೆಹಲಿಗೆ ಒಯ್ಯಲು ನೀರು ತುಂಬಿದ ಒಂದು ತೊಟ್ಟಿಯನ್ನು ವಿಮಾನಕ್ಕೆ ಹೊಂದಿಸಿ ಪರೀಕ್ಷೆ ಮಾಡಿದರು. ಎಲ್ಲವೂ ಸರಿಯಾಗಿತ್ತು.

ಹದಿನಾರನೆಯ ತಾರೀಕು, ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತು. ಮಾರಕ್ಕ ಎಣ್ಣೆ ಹಚ್ಚಿ ಹಿಮಾನಿಯನ್ನು ಆಗಷ್ಟೇ ನೀರಿಗೆ ಇಳಿಸಿದ್ದಳು. ಯಂತ್ರದ ಕೋಣೆಯಿಂದ ಪಾಲಯ್ಯನ ದನಿ ಬಂತು.

"ಮೇಡಂ, ಕಂದರದಿಂದ ಕರೆ. ನಿಮ್ಮ ಮಗಳು ಅಂತಿದಾರೆ. ಅರ್ಜೆಂಟ್ ಅಂತೆ."

"ಇವತ್ತು ಭಾನುವಾರ ಅಲ್ವಲ್ಲ."

"ಅದನ್ನೇ ನಾನೂ ಅಂದೆ. ಕೊಡ್ಲಾ, ಬೇಡ್ವಾ?"

"ಕೊಡಿ."

ಪರದೆಯ ಮೇಲೆ ಇಳಾ ಒಬ್ಬಳೇ ಇದ್ದಳು. ತಲೆ ಬಾಚಿರಲಿಲ್ಲ. ಅಂಗಿಯ ತೋಳಿನ ಮೇಲೆ ಬಾವಿಯ ಬೂದು ದೂಳು.

"ಅಮ್ಮಾ, ಅಪ್ಪ ಏಳನೇ ಬಾವಿಗೆ ಬಿದ್ದಾನೆ."

ಹಿಮಾನಿ ಬಲೆಯ ಹಗ್ಗ ಹಿಡಿದುಕೊಂಡಳು. "ಯಾವಾಗ?"

"ನಿನ್ನೆ. ಹಗ್ಗ ಕಿತ್ಕೊಂಡು ಹೋಯ್ತು. ಪಕ್ಕೆಲುಬು ಮುರ್ದು ಶ್ವಾಸಕೋಶಕ್ಕೆ ಚುಚ್ಕೊಂಡೈತೆ. ಇಲ್ಲಿ ಏನೂ ಮಾಡಕ್ಕಾಗಲ್ಲ, ಮೇಲಿನ ಆಸ್ಪತ್ರೆಗೇ ಒಯ್ಬೇಕು ಅಂತಾರೆ ಡಾಕ್ಟ್ರು."

ಮೇಲಿನ ಆಸ್ಪತ್ರೆ ಎಂದರೆ ಚಂದ್ರನನ್ನು ಸುತ್ತುತ್ತಿದ್ದ ಆಸ್ಪತ್ರೆ. ಅದು ಒಕ್ಕೂಟದ್ದು.

"ಒಕ್ಕೂಟದೋರು ಏನಂತಾರೆ?"

"ಒಯ್ತೀವಿ ಅಂತಾರೆ. ನೀನು ದಿಲ್ಲಿ ಕೆಲ್ಸ ಒಂದು ತಿಂಗ್ಳು ಮುಂದಕ್ಕೆ ಹಾಕಿದ್ರೆ."

ಕೊಳದ ಅಂಚಿನಲ್ಲಿದ್ದ ಮಾರಕ್ಕ ಎದ್ದು ನಿಂತಳು. ಹಿಮಾನಿಯ ನಾಡಿ ಏರಿದ್ದನ್ನು ಪಾಲಯ್ಯ ಆಚೆ ಕೋಣೆಯಲ್ಲಿ ಕಂಡ. ಒಂದು ತಿಂಗಳು ಎಂದರೆ ಜುಲೈ. ಜೂನ್ ಮೂವತ್ತು ದಾಟಿದರೆ ಎಲ್ಲ ಮುಗಿಯಿತು. ಒಕ್ಕೂಟಕ್ಕೆ ಬೇಕಾದದ್ದೂ ಅದೇ. ಒಂದು ಹುಸಿಬಿಂಬವನ್ನು ಕಳಿಸುವುದಾದರೆ ಒಕ್ಕೂಟ ಕಳಿಸುವುದು ಇಂಥದ್ದನ್ನೇ, ಇಂಥ ದಿನವೇ.

"ನಿಂಗೆ ನನ್ನಜ್ಜಿ ಏನಂತ ಕರೀತಿದ್ಲು?"

ಎರಡೂವರೆ ಸೆಕೆಂಡು. "ಗುಂಡಕ್ಕ ಅಂತ."

"ನಾನು ಹೊರಡೋ ದಿನ ನಮ್ಮನೇಲಿ ಏನಡಿಗೆ?"

"ಏನೂ ಮಾಡಿರ್ಲಿಲ್ಲ. ಅಪ್ಪ ಡಬ್ಬಿ ಸಾರು ಬಿಸಿ ಮಾಡಿದ್ದ. ನೀನು ಕುಡೀಲಿಲ್ಲ."

ಎರಡೂ ಸರಿ. ಆದರೆ ಎರಡೂ ಯಾವುದೋ ಭಾನುವಾರದ ಕರೆಯಲ್ಲಿ ಬಂದಿದ್ದ ಮಾತುಗಳೇ. ಆ ಕರೆಗಳೆಲ್ಲ ಒಕ್ಕೂಟದ ಉಪಗ್ರಹದ ಮೂಲಕವೇ ಹಾದುಹೋದವು.

"ಇನ್ನೂ ಕೇಳ್ತೀಯಾ?" ಇಳಾಳ ದನಿ ಬಿರುಸಾಯಿತು. "ಕೇಳು. ಎಷ್ಟ್ ಬೇಕಾದ್ರೂ ಕೇಳು. ಆದ್ರೆ ಬೇಗ ಕೇಳು. ಮುಂದಕ್ಕೆ ಹಾಕೋದು ಬಿಡೋದು ಆಮೇಲಾಯ್ತು. ಅಪ್ಪ ಪಕ್ಕದ ಕೋಣೇಲೇ ಅವ್ನೆ. ಮಂಚ ತಳ್ಕೊಂಡು ಇಲ್ಲಿಗೇ ತರ್ತೀನಿ. ಒಂದು ಮಾತಾಡು. ನಿನ್ ದನಿ ಕೇಳ್ಬೇಕು ಅಂತಾನೆ."

ಹಿಮಾನಿ ಮತ್ತೇನೂ ಕೇಳಲಿಲ್ಲ. ಮಗಳ ಮುಖವನ್ನೇ ನೋಡಿದಳು. ಇಳಾ ತಿರುಗಿ ಬಾಗಿಲಿನ ಕಡೆ ಹೊರಟಿದ್ದಳು. ಆಗ ಹಿಮಾನಿ, ದೆಹಲಿಯ ಅಧಿಕಾರಿಗಳೊಡನೆ ಆಡುವ ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು:

"ಕಂದರ ಗಣರಾಜ್ಯದ ರಾಯಭಾರ ಕಚೇರಿ ಈ ಕರೆಯನ್ನು ಹುಸಿಬಿಂಬವೆಂದು ಪರಿಗಣಿಸುತ್ತದೆ."

ಮಾತು ಅಲ್ಲಿಗೆ ಮುಟ್ಟಿತು. ಇಳಾ ಬಾಗಿಲ ಬಳಿ ನಿಂತು ಹೊರಳಿ ನೋಡಿದಳು.

"ಅಮ್ಮಾ?"

"ಕಟ್ ಮಾಡಿ ಪಾಲಯ್ಯ."

ಪರದೆ ಆರಿತು. ಸ್ವಲ್ಪ ಹೊತ್ತಿಗೆ ಪಾಲಯ್ಯ ತಾನೇ ಕೊಳದ ಕೋಣೆಗೆ ಬಂದ. ಹಾಗೆ ಬರುವುದು ಅವನ ವಾಡಿಕೆಯಲ್ಲ.

"ನಿಮ್ಮ ಯಂತ್ರ ಏನನ್ನುತ್ತೆ?" ಎಂದು ಅವಳು ಕೇಳಿದಳು.

"ಅದು ಯಾವಾಗ್ಲೂ ಅನ್ನೋದೇ ಮೇಡಂ. 'ಹೇಳಲಾಗದು' ಅಂತ. ಇಲಾಖೆಯನ್ನ ಕೇಳಬಹುದಲ್ಲ?"

"ಈ ತಿಂಗಳ ಪದ ಮುಗಿದಿದೆ. ಅವರು ಉತ್ತರ ಕೊಟ್ಟರೂ ನಂಬುವಂತಿಲ್ಲ." ಅವಳು ಕಣ್ಣು ಮುಚ್ಚಿದಳು. "ಇಪ್ಪತ್ತನಾಲ್ಕರವರೆಗೆ ಅಲ್ಲಿಂದ ಯಾವ ಕರೆ ಬಂದರೂ ಕೊಡಬೇಡಿ. ಬಂತು ಅಂತಲೂ ನನಗೆ ಹೇಳಬೇಡಿ."

"ಭಾನುವಾರದ್ದೂ?"

"ಯಾವುದೂ ಬೇಡ."

ಪಾಲಯ್ಯ ಹೋದ ಮೇಲೆ ಮಾರಕ್ಕ ಅಂಚಿನಲ್ಲಿ ಕೂತಳು.

"ನಿಮ್ ಮಗ್ಳೇ ಇರಬೋದಲ್ವಾ ತಾಯಿ?"

"ಇರಬೋದು."

"ಮತ್ತೆ?"

"ನಾಲ್ಕು ಸಾವಿರ ಜನ ಮಾರಕ್ಕ."

"ನಾನು ನಾಲ್ಕು ಸಾವ್ರ ಜನದ್ದು ಕೇಳ್ಲಿಲ್ಲ. ನಿಮ್ದು ಕೇಳ್ದೆ."

ಹಿಮಾನಿ ಮುಖ ನೀರಿಗಿಳಿಸಿದಳು. ಉಸಿರು ಕಟ್ಟುವವರೆಗೆ ಹಾಗೇ ಇದ್ದಳು. ಆಚೆ ಕೋಣೆಯಲ್ಲಿ ಯಂತ್ರ ಕೂಗಿಕೊಂಡಿತು. ಮಾರಕ್ಕ ಉಟ್ಟ ಸೀರೆಯಲ್ಲೇ ನೀರಿಗಿಳಿದು ಅವಳ ತಲೆಯನ್ನು ಎತ್ತಿ ತನ್ನ ಹೆಗಲಿಗೆ ಒರಗಿಸಿಕೊಂಡಳು.

ದೆಹಲಿಯ ಸಮಾರಂಭ ನಡೆದದ್ದು ಆರು ನಿಮಿಷ. ಮೈಗೆ ಬಿಗಿಯಾದ ಉಡುಪು ತೊಡಿಸಿ, ತೊಟ್ಟಿಯಿಂದ ಎತ್ತಿ, ಗಾಲಿಕುರ್ಚಿಯಲ್ಲಿ ಕೂರಿಸಿ ದರ್ಬಾರು ಹಾಲಿಗೆ ಕರೆತಂದರು. ಎದೆಯ ಮೇಲೆ ಯಾರೋ ಕೂತಂತೆ ಇತ್ತು. ಕೆನ್ನೆ ಕೆಳಕ್ಕೆ ಜಗ್ಗುತ್ತಿತ್ತು. ರೆಪ್ಪೆ ಎತ್ತುವುದೂ ಒಂದು ಕೆಲಸ. ಪತ್ರದ ಲಕೋಟೆ ಹಿಡಿದು ಬಲಗೈ ಮುಂದೆ ಚಾಚಿದಳು, ರಾಷ್ಟ್ರಪತಿಗಳು ಅದನ್ನು ತೆಗೆದುಕೊಂಡರು. ಅಲ್ಲಿಗೆ ಕಂದರ ಒಂದು ದೇಶವಾಯಿತು. ಆಮೇಲೆ ರಾಷ್ಟ್ರಗೀತೆ. ಕಂದರದ ಗೀತೆ ಭೂಮಿಯ ಮೇಲೆ ಆವರೆಗೆ ಎಲ್ಲೂ ನುಡಿದಿರಲಿಲ್ಲ. ಕೂತೇ ಇರಬಹುದು ಎಂದು ಮೊದಲೇ ತಿಳಿಸಿದ್ದರು. ಹಿಮಾನಿ ಎರಡೂ ಕಡೆಯ ದಾದಿಯರ ತೋಳು ಹಿಡಿದು ಎದ್ದಳು. ಎರಡನೆಯ ಸಾಲಿಗೆ ಎಡಗಾಲಿನೊಳಗೆ ಏನೋ ಲಟಕ್ಕೆಂದಿತು. ಗೀತೆ ಮುಗಿಯುವವರೆಗೆ ನಿಂತೇ ಇದ್ದಳು. ನೋಡಿದವರೆಲ್ಲ ಅದನ್ನು ದೇಶಾಭಿಮಾನ ಎಂದರು. ಅವಳಿಗೆ ಮಾತ್ರ, ಆ ನೋವು ಬಂದದ್ದಕ್ಕೆ ಏನೋ ಒಂದು ಹಗುರವಾದಂತಾಯಿತು.

ಚಳ್ಳಕೆರೆಗೆ ಮರಳಿದ ಮೇಲೆ ಕಾಲಿಗೆ ಪಟ್ಟಿ ಕಟ್ಟಿ ಮತ್ತೆ ನೀರಿಗಿಳಿಸಿದರು. ಒಂದು ವಾರದೊಳಗೆ ಇನ್ನೂ ಒಂಬತ್ತು ದೇಶಗಳು ಕಂದರವನ್ನು ಒಪ್ಪಿದವು. ಒಕ್ಕೂಟ ಸುರಂಗ ಬಿಟ್ಟುಕೊಡುವ ಕಾಗದಗಳಿಗೆ ಸಹಿ ಹಾಕಿತು, ಮೇಲಿನ ಆಸ್ಪತ್ರೆಯನ್ನೂ ಬಿಟ್ಟುಕೊಟ್ಟಿತು. ಹೂಗುಚ್ಛಗಳು ಬಂದವು. ಉಪ್ಪಿನ ಹಬೆಗೆ ಹೂವುಗಳು ಒಂದೇ ದಿನಕ್ಕೆ ಬಾಡುತ್ತಿದ್ದವು.

ಜುಲೈ ಮಧ್ಯದಲ್ಲಿ ಕಂದರದಿಂದ ಮೊದಲ ಸರಕು ನೌಕೆ ಕಾವಲಿನಲ್ಲಿ ಇಳಿಯಿತು. ಅದರಲ್ಲಿ ಒಂದು ಮೊಹರು ಹಾಕಿದ ಪೆಟ್ಟಿಗೆ, ಒಂದು ಲಕೋಟೆ. ಪೆಟ್ಟಿಗೆಯಲ್ಲಿ ಇದ್ದದ್ದು ಹೊಸ ಸಂಪರ್ಕದ ಸಂಕೇತಗಳು. ಅದರ ಜೋಡಿ ಕಂದರದಲ್ಲಿ ಇತ್ತು. ಎರಡೂ ಕಡೆಯವು ಹೊಂದಿದರೆ ಮಾತ್ರ ಕರೆ ತೆರೆಯುತ್ತದೆ. ನಡುವೆ ಯಾರೂ ಹುಸಿಬಿಂಬ ತೂರಿಸಲಾಗದು. ಲಕೋಟೆಯಲ್ಲಿ ವಿದೇಶಾಂಗ ಮಂತ್ರಿಯ ಕೈಬರಹದ ಪತ್ರ. ಮಾರಕ್ಕ ಅದನ್ನು ನೀರಿಗೆ ತಾಗದಂತೆ ಹಿಡಿದಳು, ಹಿಮಾನಿ ಓದಿದಳು. ಇದ್ರಿಸ್ ಜೂನ್ ಇಪ್ಪತ್ತೊಂದರಂದು ತೀರಿಕೊಂಡಿದ್ದ. ಒಕ್ಕೂಟ ನಿಜಕ್ಕೂ ಆ ಷರತ್ತು ಹಾಕಿತ್ತು. ಇಳಾ ಇಲಾಖೆಗೂ ಹೇಳದೆ ಕರೆ ಮಾಡಿದ್ದಳು. 'ತಾವು ಪ್ರಮಾಣಕ್ಕೆ ಬದ್ಧರಾಗಿ, ಲಭ್ಯವಿದ್ದ ಮಾಹಿತಿಯಂತೆ ಸರಿಯಾಗಿಯೇ ನಡೆದುಕೊಂಡಿರಿ. ದೇಶ ತಮಗೆ ಋಣಿಯಾಗಿದೆ' ಎಂದು ಪತ್ರ ಮುಗಿದಿತ್ತು. ಇಳಾಳಿಂದ ಒಂದು ಸಾಲೂ ಇರಲಿಲ್ಲ.

ಮೂರು ದಿನ ಹಿಮಾನಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಮಾರಕ್ಕ ಮುದ್ದೆ ಕಿವುಚಿ ಗಂಜಿ ಮಾಡಿ ತಂದಳು. "ಉಣ್ರಿ. ನೀವೂ ಹೋದ್ರೆ ಆ ಹುಡ್ಗೀಗೆ ಯಾರವ್ರೆ?" ಎಂದು ಗದರಿದಳು.

"ಅವಳಿಗೆ ಈಗ್ಲೂ ಯಾರೂ ಇಲ್ಲ ಮಾರಕ್ಕ."

"ನೀವಿದ್ದೀರಲ್ಲ. ಬಾಯಿ ತೆಗೀರಿ."

ಹೊಸ ಸಂಪರ್ಕದಲ್ಲಿ ಇಲಾಖೆಯ ಕರೆಗಳು ಬರತೊಡಗಿದವು. ಇಳಾ ಮಾಡಲಿಲ್ಲ. ಹಿಮಾನಿ ಮಾಡಿದರೆ, ಮನೆಯಲ್ಲಿಲ್ಲ ಎಂದೋ, ಕೆಲಸದಲ್ಲಿದ್ದಾಳೆ ಎಂದೋ ನೆರೆಮನೆಯ ಹೆಂಗಸು ಹೇಳುತ್ತಿದ್ದಳು. ಆಗಸ್ಟ್ ಹದಿಮೂರರ ಮಧ್ಯಾಹ್ನ ಪಾಲಯ್ಯ, "ಮೇಡಂ, ಇಳಾ. ಸಂಕೇತ ಹೊಂದಿದೆ. ಅವರೇ," ಎಂದ. ಕರೆ ಕೊಟ್ಟು, ತನ್ನ ಕೋಣೆಯ ಧ್ವನಿವರ್ಧಕ ಆರಿಸಿದ. ಮಾರಕ್ಕ ಟವೆಲ್ಲು ಮಡಚುವುದನ್ನು ಬಿಟ್ಟು ಹೊರಗೆ ಹೋದಳು.

ಇಳಾ ಇಳಿದುಹೋಗಿದ್ದಳು. ಇದ್ರಿಸನ ಅಂಗಿ ತೊಟ್ಟಿದ್ದಳು, ತೋಳು ಮೂರು ಸುತ್ತು ಮಡಚಿದ್ದಳು.

"ಕಾಲು ಹೆಂಗೈತೆ?"

"ಕೂಡ್ಕೊಂತಾ ಐತೆ."

"ಇಲ್ಲಿ ಎಲ್ರ ಮನೆ ಗೋಡೆ ಮೇಲೂ ನಿನ್ ಫೋಟೋ. ನಿಂತಿರೋದು."

ಹಿಮಾನಿ ತಲೆ ತಗ್ಗಿಸಿದಳು.

"ನಾನು ಬೇಕಂತ್ಲೇ ಮಾಡ್ಲಿಲ್ಲ ಇಷ್ಟು ದಿನ. ಸಿಟ್ಟಿತ್ತು. ಆಮೇಲೆ ಯೋಚ್ನೆ ಮಾಡ್ದೆ. ನೀನಾದ್ರೂ ಏನ್ ಮಾಡ್ತಿದ್ದೆ? ನಾನೇ ಅಲ್ಲಿದ್ದಿದ್ರೂ ಹುಸಿ ಅಂತ್ಲೇ ಅನ್ಕೊಂತಿದ್ದೆ. ನಿಂಗೆ ಗೊತ್ತಾಗ್ಲಿಲ್ಲ. ಅಷ್ಟೇ." ಇಳಾ ಉಸಿರು ಬಿಟ್ಟಳು. "ಅದನ್ನ ಹೇಳೋಣ ಅಂತ ಮಾಡ್ದೆ."

ಇಷ್ಟು ಸಾಕಾಗಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಮಗಳ ಮುಖದಲ್ಲಿ ಏನೋ ಇಳಿದು, ಎಷ್ಟೋ ದಿನದ ದಣಿವು ಕಾಣುತ್ತಿತ್ತು. ಹಿಮಾನಿ ಆ ಮುಖವನ್ನು ನೋಡಿದಳು. ಭೂಮಿಗೆ ಬಂದ ಮೇಲೆ ಮೊದಲ ಸಲ ಅವಳು ಅನುಮಾನವಿಲ್ಲದೆ ನೋಡುತ್ತಿದ್ದ ಮುಖ ಅದು.

"ಗೊತ್ತಾಗಿತ್ತು," ಎಂದಳು.

ಎರಡೂವರೆ ಸೆಕೆಂಡು ಕಳೆಯಿತು. ಅದಕ್ಕಿಂತ ಹೆಚ್ಚು ಕಳೆಯಿತು.

"ಏನು?"

"ನೀನೇ ಅಂತ ಗೊತ್ತಾಗಿತ್ತು. ಪ್ರಶ್ನೆ ಕೇಳೋದು ನಿಲ್ಲಿಸ್ದಾಗಲೇ."

"ಹೆಂಗೆ?"

"ನೀನು ಅಳ್ತಿರ್ಲಿಲ್ಲ. ನನ್ನ ಮನಸ್ಸು ತಿರುಗ್ಸೋಕೆ ಅಂತ ಯಾರಾದ್ರೂ ಕಟ್ಟಿ ಕಳ್ಸಿದ್ರೆ ಅದು ಅಳ್ತಿತ್ತು. ನೀನು ಬೈಯೋಕೆ ಶುರು ಮಾಡ್ದೆ. ಹೆದ್ರಿಕೆ ಆದ್ರೆ ನೀನು ಚಿಕ್ಕೋಳಿದ್ದಾಗ್ಲಿಂದ ಹಂಗೇ."

"ಮತ್ತೆ ಯಾಕೆ ಕರೆ ಕಡ್ದೆ?"

"ನಿಮ್ಮಪ್ಪನ್ನ ನೋಡಿದ್ರೆ ನನ್ ಕೈಲಿ ಆಗ್ತಿರ್ಲಿಲ್ಲ. ಅವನು ಒಂದು ಮಾತಾಡಿದ್ರೂ ನಾನು ಮುಂದಕ್ಕೆ ಹಾಕಿಬಿಡ್ತಿದ್ದೆ. ಅದಕ್ಕೆ ಹುಸಿ ಅಂದೆ. ನಿಯಮ ಇತ್ತು, ಅದರ ಹಿಂದೆ ಬಚ್ಚಿಟ್ಕೊಂಡೆ."

ಇಳಾಳ ಮುಖ ಬಿಳಿಚಿತು. ಅವಳು ಎದ್ದಳು, ಪರದೆಯಿಂದ ಆಚೆ ಹೋದಳು. ಖಾಲಿ ಕುರ್ಚಿ, ಹಿಂದೆ ಸುರಂಗದ ಗೋಡೆ. ಏನೋ ಬಿದ್ದ ಸದ್ದು. ಚಂದ್ರನ ಮೇಲೆ ಬೀಳುವಂತೆ ನಿಧಾನವಾಗಿ, ಪುಟಿದು ಪುಟಿದು. ಹಿಮಾನಿ ಕಾದಳು. ಕರೆ ಕಡಿದಿರಲಿಲ್ಲ. ಬಹಳ ಹೊತ್ತಿನ ಮೇಲೆ ಇಳಾ ಬಂದು ನಿಂತಳು, ಕೂರಲಿಲ್ಲ.

"ಅಪ್ಪಂಗೆ ಲೈನ್ ಸಿಗ್ಲಿಲ್ಲ ಅಂದೆ. ಇನ್ನೊಂದು ಸಲ ಮಾಡು ಅಂದ. ಐದು ದಿನ ಮಾಡ್ದೆ. ದಿನಾ ಮಾಡ್ದೆ."

ಹಿಮಾನಿಗೆ ಅದು ಗೊತ್ತಿರಲಿಲ್ಲ. ಪಾಲಯ್ಯ ಹೇಳಿರಲಿಲ್ಲ. ಹೇಳಬೇಡ ಎಂದವಳು ಅವಳೇ.

"ನಿನ್ನ ಕ್ಷಮಿಸಿ ಬಂದಿದ್ದೆ ನಾನು," ಎಂದಳು ಇಳಾ. "ಎರಡು ತಿಂಗ್ಳು ಹಿಡೀತು. ಈಗ ಅದೂ ಇಲ್ಲ."

"ಗೊತ್ತು."

"ಹೇಳ್ದೆ ಇದ್ರೆ ನಿಂಗೇನು ಹೋಗ್ತಿತ್ತು?"

"ನಿನ್ ಜೊತೆ ಸುಳ್ಳು ಮುಖ ಇಟ್ಕೊಂಡು ಮಾತಾಡ್ಬೇಕಾಗಿತ್ತು. ಅದು ಬ್ಯಾಡ ಅನ್ನಿಸ್ತು."

ಇಳಾ ಮಡಚಿದ ತೋಳನ್ನು ಬಿಚ್ಚಿದಳು, ಮತ್ತೆ ಮಡಚಿದಳು. ಮೇಜಿನ ಮೇಲೆ ಕೈಯೂರಿ ಬಗ್ಗಿದಳು. ಮುಖ ಪರದೆ ತುಂಬ ಬಂತು.

"ನಾಳೆ ಮಾಡ್ತೀನಿ."

ಹಿಮಾನಿ ಬಲೆಯ ಹಗ್ಗ ಹಿಡಿದು ಪರದೆಯ ಕಡೆಗೆ ಸರಿದಳು.

"ಮಾತಾಡೋಕಲ್ಲ. ಬೈಯೋಕೆ. ಈಗ ಬೈಯೋಕೆ ಶಕ್ತಿ ಇಲ್ಲ ನಂಗೆ."

"ಬೈಯಿ."

"ಒಂದು ದಿನಕ್ಕೆ ಮುಗ್ಯಲ್ಲ ಅದು. ನಾಡಿದ್ದೂ ಬೈತೀನಿ. ಎಷ್ಟು ದಿನ ಬೇಕೋ ಏನೋ. ವರ್ಷಗಟ್ಲೆ ಬೇಕೋ ಏನೋ."

"ಬೈಯಿ ಮಗಳೇ," ಎಂದಳು ಹಿಮಾನಿ. "ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ."